ಸಿಇಟಿ 108, ಪಿಯುಸಿ 282: ಯುವಿಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಾ?

ಸೋದರಮಾವ_ಚನ್ನಗಿರಿ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳು ಈ ಸಲ ಸಿಇಟಿ ಬರೆದಳು. ಕೀ ಉತ್ತರ ಬಂದ ಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಫಿಸಿಕ್ಸ್ 34, ಕೆಮಿಸ್ಟ್ರಿ 38, ಗಣಿತ 36. ಒಟ್ಟು 180ಕ್ಕೆ 108. ಪಿಯುಸಿಯಲ್ಲಿ ಈ ಮೂರು ವಿಷಯಕ್ಕೆ 300ಕ್ಕೆ 282 ಬಂದಿದೆ (ಫಿಸಿಕ್ಸ್ 93, ಕೆಮಿಸ್ಟ್ರಿ 91, ಗಣಿತ 98). ಮೀಸಲಾತಿಯಲ್ಲಿ ಹಿಂದುಳಿದ ವರ್ಗ 2ಎ. ಅಪ್ಪ ಅಮ್ಮ ಇಬ್ಬರೂ ಅಡಿಕೆ ತೋಟದ ಕೆಲಸ. ತೋಟ ಸ್ವಂತದ್ದಲ್ಲ.

ಅವಳ ಹೈಸ್ಕೂಲ್ ಹೆಡ್ ಮೇಷ್ಟ್ರು ಮೊದಲಿನಿಂದಲೂ "ಯುವಿಸಿಇ ಸೇರಮ್ಮ, ಸರ್ಕಾರಿ ಫೀಸು, ಒಳ್ಳೆ ಹೆಸರು" ಎಂದು ಹೇಳಿ ಬೆಂಗಳೂರಿನ ಆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ತಲೆಯಲ್ಲಿ ಕೂರಿಸಿದ್ದಾರೆ. ಕಂಪ್ಯೂಟರ್ ಸೈನ್ಸ್ ಸಿಗುತ್ತಾ? ಆರ್‌ವಿ, ಬಿಎಂಎಸ್‌ನಂಥ ಖಾಸಗಿ ಕಾಲೇಜಿನ ಆಸೆ ಇಟ್ಟುಕೊಳ್ಳಬಹುದಾ? ಮೊಬೈಲ್‌ನಲ್ಲಿ ರ‍್ಯಾಂಕ್ ಹೇಳುವ ಮೂರು ಕಡೆ ಅಂಕ ಹಾಕಿ ನೋಡಿದೆ. ಒಂದು 6,200 ಎಂದಿತು, ಇನ್ನೊಂದು 9,800, ಮೂರನೆಯದು 14,000. ಯಾವುದನ್ನು ನಂಬುವುದು?

ಬಸವನಗುಡಿ_ಹಳಬ
ಮೂರನ್ನೂ ನಂಬಬೇಡಿ.

ಅಂಕಗಣಿತ
ಲೆಕ್ಕ ಸುಲಭ ಇದೆ ಸರ್. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯುಸಿ. 108 ಅಂದರೆ ಶೇ 60. 282 ಅಂದರೆ ಶೇ 94. ಎರಡರ ಸರಾಸರಿ 77. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ಈ 77ಕ್ಕೆ ಎಷ್ಟನೇ ರ‍್ಯಾಂಕ್ ಎನ್ನುವುದು ಉಳಿದವರಿಗೆ ಎಷ್ಟು ಬಂದಿದೆ ಎಂಬುದರ ಮೇಲೆ ನಿಂತಿದೆ. ಅದು ಆ ಮೂರು ಕ್ಯಾಲ್ಕ್ಯುಲೇಟರಿಗೂ ಗೊತ್ತಿಲ್ಲ. ಹಳೇ ವರ್ಷದ ಅಂಕ ಹಾಕಿಕೊಂಡು ಕಣಿ ಹೇಳುತ್ತವೆ ಅಷ್ಟೇ.

ಕಾಫಿಪುಡಿ
ಕೇಂದ್ರದ ಕಾಲೇಜುಗಳಿಗೆ ಸೇರಲು ಜೆಇಇ ಬರೆಸಲಿಲ್ವಾ? ಸುರತ್ಕಲ್ ಎನ್‌ಐಟಿಕೆಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇದೆ.

ಬಸವನಗುಡಿ_ಹಳಬ
@ಕಾಫಿಪುಡಿ ಅವರು ಕೇಳಿದ್ದು ಸಿಇಟಿ ಬಗ್ಗೆ. ಹೊರಟುಹೋದ ಬಸ್ಸಿನ ಟೈಮ್ ಹೇಳಿ ಏನು ಪ್ರಯೋಜನ?

ರಿಪೀಟರ್22
ಕಣಿ ಅಂದಿದ್ದು ಸರಿಯಾಗಿದೆ. 2024ರ ಅಂಕ-ರ‍್ಯಾಂಕ್ ಪಟ್ಟಿ ಹಿಡಿದುಕೊಂಡು ಬೇರೆ ವರ್ಷಕ್ಕೆ ಹೋಲಿಸಿದರೆ ಪೂರ್ತಿ ದಾರಿ ತಪ್ಪುತ್ತದೆ. ಆ ವರ್ಷ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆ ಕೇಳಿದ್ದಾರೆ ಎಂದು ದೊಡ್ಡ ಗಲಾಟೆಯಾಗಿ, ನಾಲ್ಕೂ ವಿಷಯ ಸೇರಿ 50 ಪ್ರಶ್ನೆ ಲೆಕ್ಕದಿಂದ ತೆಗೆದರು. ಅಲ್ಲಿನ ಅಂಕಕ್ಕೂ ಇಲ್ಲಿನ ಅಂಕಕ್ಕೂ ಸಂಬಂಧವೇ ಇಲ್ಲ.

ನನ್ನ ಕಥೆ ಇನ್ನೂ ಚೆನ್ನಾಗಿದೆ. 2021ರಲ್ಲಿ ಕೋವಿಡ್ ಅಂತ ಪಿಯುಸಿ ಪರೀಕ್ಷೆ ಇಲ್ಲದೆ ಎಲ್ಲರನ್ನೂ ಪಾಸ್ ಮಾಡಿದರು. ನಾನು ಒಂದು ವರ್ಷ ಕೂತು 2022ರಲ್ಲಿ ಮತ್ತೆ ಸಿಇಟಿ ಬರೆದೆ. ಫಲಿತಾಂಶ ಬಂದಾಗ ನಮ್ಮ ಪಿಯು ಅಂಕ ಲೆಕ್ಕಕ್ಕೇ ಇಲ್ಲ ಎಂದರು. ರ‍್ಯಾಂಕ್ ನೋಡಿ ನಮ್ಮಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೈಕೋರ್ಟ್ ತನಕ ಹೋಯಿತು. ಕೊನೆಗೆ ನಮ್ಮ ಪಿಯು ಸರಾಸರಿಯಲ್ಲಿ 6 ಅಂಕ ಕಳೆದು ಹೊಸ ಪಟ್ಟಿ ಬಿಟ್ಟರು. ಅದೇ ಹುಡುಗ, ಅದೇ ಉತ್ತರ ಪತ್ರಿಕೆ, ಎರಡು ರ‍್ಯಾಂಕ್. ಆವತ್ತಿನಿಂದ "ಎಷ್ಟು ರ‍್ಯಾಂಕ್ ಬರಬಹುದು" ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ.

ಸೋದರಮಾವ_ಚನ್ನಗಿರಿ
ಅಯ್ಯೋ, ಹಾಗಾದರೆ ಸುಮ್ನೆ ಕಾಯಬೇಕಷ್ಟೇ?

ಪಿಯು_ಮೇಷ್ಟ್ರು
ಸುಮ್ನೆ ಯಾಕೆ ಕಾಯುತ್ತೀರಿ? ಪಿಯು ಅಂಕ ಹೆಚ್ಚಿಸಿಕೊಳ್ಳಲು ಇರುವ ಪರೀಕ್ಷೆ-2ಕ್ಕೆ ಕಟ್ಟಿಸಿದ್ದೀರಾ?

ಸೋದರಮಾವ_ಚನ್ನಗಿರಿ
ಕೆಮಿಸ್ಟ್ರಿಗೆ ಕಟ್ಟಿಸಿದ್ದೇವೆ ಸರ್, ಕಾಲೇಜಿನ ಲೆಕ್ಚರರ್ ಹೇಳಿದ್ದರು. ಆದರೆ ಅವಳು ಬೇಡ ಎನ್ನುತ್ತಿದ್ದಾಳೆ. 91 ಬಂದಿದೆ, ಇನ್ನೇನು ಬರುತ್ತದೆ, ಕಡಿಮೆ ಆದರೆ ಎಂದು ಹೆದರಿಕೆ.

ಪಿಯು_ಮೇಷ್ಟ್ರು
ಕಡಿಮೆ ಬಂದರೆ ಹಳೆಯದೇ ಉಳಿಯುತ್ತದೆ. ಹೆಚ್ಚು ಬಂದಿದ್ದನ್ನೇ ತೆಗೆದುಕೊಳ್ಳುತ್ತಾರೆ. ಕಳೆದುಕೊಳ್ಳುವುದು ಏನೂ ಇಲ್ಲ. ಮೊದಲು ಬರೆಯಲು ಹೇಳಿ.

ಒಂದು ಲೆಕ್ಕ ಅವಳಿಗೆ ತೋರಿಸಿ. ಪಿಯು 300ಕ್ಕೆ, ಸಿಇಟಿ 180ಕ್ಕೆ. ಎರಡಕ್ಕೂ ಅರ್ಧರ್ಧ ತೂಕ. ಅಂದರೆ ಪಿಯುವಿನ 5 ಅಂಕ ಸಿಇಟಿಯ 3 ಅಂಕಕ್ಕೆ ಸರಿಸಮ. ಸಿಇಟಿ ಮುಗಿದುಹೋಯಿತು, ಅಲ್ಲಿ ಇನ್ನು ಒಂದು ಅಂಕವೂ ಹುಟ್ಟುವುದಿಲ್ಲ. ಇಲ್ಲಿ ಕೆಮಿಸ್ಟ್ರಿ 91 ಹೋಗಿ 97 ಆದರೆ ಒಟ್ಟು 77 ಇದ್ದದ್ದು 78 ಆಗುತ್ತದೆ. ಆ ಮಟ್ಟದಲ್ಲಿ ಮಕ್ಕಳು ಸಂತೆಯಲ್ಲಿ ನಿಂತ ಹಾಗೆ ಒತ್ತಾಗಿ ನಿಂತಿರುತ್ತಾರೆ. ಒಂದು ಅಂಶಕ್ಕೆ ನೂರಾರು ಜನ ಹಿಂದೆ ಬೀಳುತ್ತಾರೆ.

ಅಂಕಗಣಿತ
5ಕ್ಕೆ 3. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಹೆಸರು ಬದಲಿಸಿಕೊಳ್ಳಬೇಕು.

ಮಲ್ಲೇಶ್ವರಂ_ಅಮ್ಮ
ಆರ್‌ವಿ ಕಂಪ್ಯೂಟರ್ ಸೈನ್ಸ್ ಮರೆತುಬಿಡಿ. ಬೇಜಾರು ಮಾಡಿಕೊಳ್ಳಬೇಡಿ, ಸುಳ್ಳು ಆಸೆ ಕೊಡುವುದಕ್ಕಿಂತ ಇದೇ ವಾಸಿ. ಜನರಲ್ ಮೆರಿಟ್‌ನಲ್ಲಿ ಅದು ಮೊದಲ ಕೆಲವು ನೂರು ರ‍್ಯಾಂಕಿಗೇ ಖಾಲಿ. 2ಎ ಅಂದರೂ ತುಂಬ ದೂರ ಹೋಗುವುದಿಲ್ಲ. ನಮ್ಮ ಮಗನಿಗೆ ಇವಳಿಗಿಂತ ಜಾಸ್ತಿ ಇತ್ತು, ಬಿಎಂಎಸ್‌ನಲ್ಲೂ ಕಂಪ್ಯೂಟರ್ ಬರಲಿಲ್ಲ. ಈಗ ಅಲ್ಲೇ ಬೇರೆ ಬ್ರಾಂಚ್ ಓದುತ್ತಿದ್ದಾನೆ. ಸಂತೋಷವಾಗಿಯೇ ಇದ್ದಾನೆ. ಗಾಂಧಿಬಜಾರ್ ಹತ್ತಿರ, ವಾರಕ್ಕೆ ಮೂರು ದಿನ ವಿದ್ಯಾರ್ಥಿ ಭವನದ ದೋಸೆ.

ಕಾಫಿಪುಡಿ
ಶುಕ್ರವಾರ ಹೋಗಿ ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದಿದ್ದಾನಾ ಕೇಳಿ. ಬಿಎಂಎಸ್‌ನ ಹೊಸಬರೆಲ್ಲ ಒಂದು ಸಲ ಮಾಡುವ ತಪ್ಪು ಅದು.

ಮಲ್ಲೇಶ್ವರಂ_ಅಮ್ಮ
ಮೊದಲ ವಾರವೇ! :)

ಕೆಆರ್‌ಸರ್ಕಲ್_ಕಲ್ಲುಕಟ್ಟಡ
ಯುವಿಸಿಇ ಹಳೇ ವಿದ್ಯಾರ್ಥಿ ನಾನು, ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು. ಮೊದಲು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗಿತ್ತು, 2021ರ ಕಾಯ್ದೆಯಿಂದ ಸ್ವಾಯತ್ತ ಆಯಿತು. ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ಹೋಲಿಸಿದರೆ ಫೀಸು ತೀರಾ ಕಡಿಮೆ. ಅದಕ್ಕೇ ಊರ ಕಡೆಯಿಂದ ಬರುವ ಬುದ್ಧಿವಂತ ಮಕ್ಕಳು ಮೊದಲ ಆಯ್ಕೆಯಾಗಿ ಇದನ್ನೇ ಹಾಕುತ್ತಾರೆ, ಅದಕ್ಕೇ ಕಟಾಫ್ (ಸೀಟು ಸಿಕ್ಕ ಕೊನೇ ರ‍್ಯಾಂಕ್) ಬಿಗಿ.

ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟಾಫ್ ಪಿಡಿಎಫ್ ಇದೆ. ಅದನ್ನೇ ತೆರೆಯಿರಿ. ಕಾಲೇಜು, ಬ್ರಾಂಚ್, ಪಕ್ಕದಲ್ಲಿ 2ಎಜಿ (2ಎ ಸಾಮಾನ್ಯ) ಎಂಬ ಕಾಲಂ. ಮೊದಲ ಸುತ್ತಿನದ್ದಲ್ಲ, ಕೊನೆ ಸುತ್ತಿನದ್ದು ನೋಡಿ. ಮೂರು ವರ್ಷದ್ದು ಪಕ್ಕ ಪಕ್ಕ ಇಟ್ಟರೆ ಒಂದು ಅಂದಾಜು ಸಿಗುತ್ತದೆ.

ಹುಬ್ಬಳ್ಳಿ_ಮಂದಿ
ನಿಮ್ಮ ಬೆಂಗಳೂರು ಬಿಟ್ಟು ಊರೇ ಇಲ್ಲೇನ್ರಿ? ಹುಬ್ಬಳ್ಳಿಯ ಬಿವಿಬಿ, ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ತುಮಕೂರಿನ ಎಸ್‌ಐಟಿ. ಅವರ ಮನೆ ಹತ್ತಿರ ದಾವಣಗೆರೆಯಲ್ಲೇ ಯುಬಿಡಿಟಿ ಇದೆ. ರೂಮು ಬಾಡಿಗೆ, ಊಟ ಎಲ್ಲ ಲೆಕ್ಕ ಹಾಕಿ ನೋಡ್ರಿ.

ಬಸವನಗುಡಿ_ಹಳಬ
ಇದಕ್ಕೆ ನನ್ನದೂ ಒಂದು ಓಟು. ಆದರೆ ಇಂಟರ್ನ್‌ಶಿಪ್, ಕೆಲಸ ಎಂದು ಬಂದಾಗ ಬೆಂಗಳೂರಲ್ಲಿ ಇರುವುದು ಬೇರೆಯೇ.

ಹುಬ್ಬಳ್ಳಿ_ಮಂದಿ
ಬೆಂಗಳೂರಲ್ಲಿ ಇರುವುದು ಅಂದರೆ ಟ್ರಾಫಿಕ್‌ನಲ್ಲಿ ಇರುವುದು.

ಶಿರಸಿ_ಟೀಚರಮ್ಮ
ಒಂದು ಪ್ರಶ್ನೆ. ಇಷ್ಟು ಜನ ಮಾತಾಡಿದಿರಿ, ಇದನ್ನು ಯಾರೂ ಕೇಳಲಿಲ್ಲ. ಮಗು ಒಂದರಿಂದ ಹತ್ತನೇ ತರಗತಿ ಎಲ್ಲಿ ಓದಿದ್ದಾಳೆ? ಯಾವ ಮಾಧ್ಯಮ?

ಸೋದರಮಾವ_ಚನ್ನಗಿರಿ
ಏಳರ ತನಕ ನಮ್ಮ ಹಳ್ಳಿಯ ಸರ್ಕಾರಿ ಶಾಲೆ ಮೇಡಂ. ಎಂಟರಿಂದ ಹತ್ತು ಪಕ್ಕದ ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆ. ಎಲ್ಲಾ ಕನ್ನಡ ಮಾಧ್ಯಮವೇ. ಪಿಯು ಮಾತ್ರ ಇಂಗ್ಲಿಷ್.

ಶಿರಸಿ_ಟೀಚರಮ್ಮ
ಸಿಇಟಿ ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎಂಬ ಎರಡು ಕಾಲಂ ಇದ್ದವಲ್ಲ. ಏನು ತುಂಬಿದ್ದೀರಿ?

ಸೋದರಮಾವ_ಚನ್ನಗಿರಿ
ಈಗ ಪ್ರಿಂಟ್ ತೆಗೆದು ನೋಡಿದೆ. ಗ್ರಾಮೀಣ: ಹೌದು. ಕನ್ನಡ ಮಾಧ್ಯಮ: ಇಲ್ಲ. ಅರ್ಜಿ ತುಂಬಿದ್ದು ಸೈಬರ್ ಸೆಂಟರ್ ಹುಡುಗ. ಪಿಯು ಇಂಗ್ಲಿಷ್ ತಾನೇ ಎಂದು ಕೇಳಿದ, ನಾನು ಹೌದು ಎಂದೆ. ಅದಕ್ಕೆ "ಇಲ್ಲ" ಒತ್ತಿಬಿಟ್ಟಿದ್ದಾನೆ.

ಶಿರಸಿ_ಟೀಚರಮ್ಮ
ಎರಡೂ ಉಲ್ಟಾ ಆಗಿವೆ!

ಕನ್ನಡ ಮಾಧ್ಯಮ ಎಂದರೆ ಅವರು ಕೇಳುವುದು ಒಂದರಿಂದ ಹತ್ತು ಮಾತ್ರ. ಪಿಯು ಯಾವ ಮಾಧ್ಯಮ ಎನ್ನುವುದು ಬೇಕಿಲ್ಲ. ಪ್ರತಿ ವರ್ಗದೊಳಗೂ ಕನ್ನಡ ಮಾಧ್ಯಮಕ್ಕೆ ಶೇ 5, ಗ್ರಾಮೀಣಕ್ಕೆ ಶೇ 15. ಕಟಾಫ್ ಪಿಡಿಎಫ್‌ನಲ್ಲಿ 2ಎಜಿ ಪಕ್ಕ 2ಎಕೆ, 2ಎಆರ್ ಎಂದು ಇರುವುದು ಇವೇ. ಬಹಳಷ್ಟು ಕಡೆ 2ಎಕೆ ರ‍್ಯಾಂಕ್ 2ಎಜಿಗಿಂತ ಎಷ್ಟೋ ಕೆಳಗಿನವರೆಗೆ ಹೋಗಿರುತ್ತದೆ. ನೀವು 2ಎಜಿ ನೋಡಿಕೊಂಡು ಹೆದರುತ್ತಿದ್ದೀರಿ.

ಇನ್ನು ಗ್ರಾಮೀಣ. ಹತ್ತು ವರ್ಷವೂ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಆ ಹೋಬಳಿ ಊರು ಗ್ರಾಮ ಪಂಚಾಯಿತಿಯೋ, ಪಟ್ಟಣ ಪಂಚಾಯಿತಿಯೋ?

ಸೋದರಮಾವ_ಚನ್ನಗಿರಿ
ಪಟ್ಟಣ ಪಂಚಾಯಿತಿ. ಅವಳು ಸೇರುವ ಮೊದಲೇ ಆಗಿತ್ತು. ಆದರೆ ಊರು ನೋಡಿದರೆ ಹಳ್ಳಿಯೇ ಮೇಡಂ, ಬಸ್ ಸ್ಟ್ಯಾಂಡಿನಲ್ಲಿ ಎಮ್ಮೆ ಮಲಗಿರುತ್ತವೆ.

ಶಿರಸಿ_ಟೀಚರಮ್ಮ
ಎಮ್ಮೆ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಣ ಪಂಚಾಯಿತಿ ಆದ ಮೇಲೆ ಅದು ಗ್ರಾಮೀಣ ಅಲ್ಲ. ಆ ಮೂರು ವರ್ಷದಿಂದ ಗ್ರಾಮೀಣ ಕೋಟಾ ಹೋಯಿತು. ಹೌದು ಎಂದು ಬಿಟ್ಟರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ತಿದ್ದುಪಡಿಗೆ ಕೆಇಎ ಅವಕಾಶ ಕೊಟ್ಟ ದಿನವೇ ಎರಡನ್ನೂ ಸರಿ ಮಾಡಿಸಿ. ಎರಡೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತನ್ನಿ, ಹೆಡ್ ಮೇಷ್ಟ್ರ ಸಹಿ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ನಾಳೆಯೇ ಹೋಗಿ. ಬೇಸಿಗೆ ರಜೆಯಲ್ಲಿ ಹೆಡ್ ಮೇಷ್ಟ್ರನ್ನು ಹುಡುಕುವುದೇ ಒಂದು ಕೆಲಸ.

ಸೋದರಮಾವ_ಚನ್ನಗಿರಿ
ಮೇಡಂ, ನಿಮ್ಮ ಕಾಲಿಗೆ ಬೀಳಬೇಕು. ಬೆಳಿಗ್ಗೆಯೇ ಹೊರಡುತ್ತೇನೆ.

ಮೆರಿಟ್_ಮಾತ್ರ
ಅಂದರೆ ಪಿಯು ಎಲ್ಲರ ಜೊತೆ ಇಂಗ್ಲಿಷ್‌ನಲ್ಲೇ ಓದಿ, ಪರೀಕ್ಷೆಯನ್ನೂ ಇಂಗ್ಲಿಷ್‌ನಲ್ಲೇ ಬರೆದು, ಸೀಟಿಗೆ ಮಾತ್ರ ಕನ್ನಡ ಮಾಧ್ಯಮ. ಚೆನ್ನಾಗಿದೆ ವ್ಯವಸ್ಥೆ.

ಪಿಯು_ಮೇಷ್ಟ್ರು
@ಮೆರಿಟ್_ಮಾತ್ರ ಇಪ್ಪತ್ತೆರಡು ವರ್ಷದಿಂದ ಮೊದಲ ಪಿಯುಗೆ ಫಿಸಿಕ್ಸ್ ಮಾಡುತ್ತಿದ್ದೇನೆ. ಜೂನ್ ತಿಂಗಳಲ್ಲಿ ಒಂದು ದಿನ ನನ್ನ ಕ್ಲಾಸಿಗೆ ಬನ್ನಿ. ಹತ್ತು ವರ್ಷ ಸದಿಶ, ಅದಿಶ ಎಂದು ಕಲಿತ ಮಗು ಮೊದಲ ಸಲ ವೆಕ್ಟರ್, ಸ್ಕೇಲರ್ ಎಂದು ಕೇಳುತ್ತದೆ. ಆಮ್ಲ, ಪ್ರತ್ಯಾಮ್ಲ ಎಲ್ಲ ಬಾಯಿಪಾಠ ಇದೆ, ಆಸಿಡ್, ಬೇಸ್ ಎಂದರೆ ಮುಖ ನೋಡುತ್ತದೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಕೈ ಎತ್ತಿ ಕೇಳಲು ನಾಚಿಕೆ. ದಸರಾ ರಜೆವರೆಗೂ ಕೊನೇ ಬೆಂಚು. ಉಳಿದವರು ಆ ನಾಲ್ಕು ತಿಂಗಳಲ್ಲಿ ಎರಡು ಸಲ ಪುಸ್ತಕ ಮುಗಿಸಿರುತ್ತಾರೆ. ಅಂಥ ಮಗು 282 ತೆಗೆದಿದೆ ಎಂದರೆ ನಾನು ಟೋಪಿ ತೆಗೆಯುತ್ತೇನೆ. ನೂರಕ್ಕೆ ಐದು ಸೀಟು, ಅಷ್ಟಕ್ಕೆ ಇಷ್ಟು ಉರಿಯಾ?

ಮೆರಿಟ್_ಮಾತ್ರ
ನಾನು ಆ ಮಗುವಿನ ಬಗ್ಗೆ ಹೇಳಲಿಲ್ಲ. ನಿಯಮದ ಬಗ್ಗೆ ಹೇಳಿದೆ.

ಶಿರಸಿ_ಟೀಚರಮ್ಮ
ನಿಯಮ ಇರುವುದೇ ಅಂಥ ಮಕ್ಕಳಿಗೆ. ಇಷ್ಟಕ್ಕೂ ಅದನ್ನು ತೆಗೆದುಕೊಳ್ಳುವವರು ಎಷ್ಟು ಜನ? ಅರ್ಧ ಜನರ ಅರ್ಜಿಯಲ್ಲಿ ಸೈಬರ್ ಹುಡುಗ "ಇಲ್ಲ" ಒತ್ತಿರುತ್ತಾನೆ.

ರಾಯಚೂರು_ಬಿಸಿಲು
ನಮ್ಮ ಕಡೆ ಕಲ್ಯಾಣ ಕರ್ನಾಟಕದವರ 371ಜೆ ಮೀಸಲಾತಿ ಪ್ರಮಾಣಪತ್ರದ್ದೂ ಇದೇ ಕಥೆ. ನಮ್ಮ ಭಾಗದವರಿಗೆ ರಾಜ್ಯದ ಉಳಿದ ಕಡೆಯ ಕಾಲೇಜುಗಳಲ್ಲಿ ಶೇ 8 ಸೀಟು ಇದೆ ಎನ್ನುವುದು ನನ್ನ ತಮ್ಮನಿಗೆ ಗೊತ್ತಾಗಿದ್ದು ಅಡ್ಮಿಷನ್ ಮುಗಿದ ಮೇಲೆ.

ಕಾಫಿಪುಡಿ
ಖಾಸಗಿ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆ ಕೂಡ ಬರೆಸಿ, ಒಂದು ಕೈಗಿರಲಿ.

ಸೋದರಮಾವ_ಚನ್ನಗಿರಿ
ಆ ಫೀಸಿಗೆ ನಾವು ಮನೆ ಮಾರಬೇಕು ಸರ್.

ಕೆಆರ್‌ಸರ್ಕಲ್_ಕಲ್ಲುಕಟ್ಟಡ
ಹಾಗಿದ್ದರೆ ಎಸ್‌ಎನ್‌ಕ್ಯೂ (ಸೂಪರ್ ನ್ಯೂಮರರಿ ಕೋಟಾ) ನೆನಪಿಡಿ. ಇರುವ ಸೀಟಿನ ಮೇಲೆ ಶೇ 5 ಹೆಚ್ಚುವರಿ, ಬೋಧನಾ ಶುಲ್ಕ ಇಲ್ಲ, ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಖಾಸಗಿ ಕಾಲೇಜಿನಲ್ಲಿ ಇದು ದೊಡ್ಡ ಆಸರೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿ ಇದೆಯಾ ಎಂದೂ ನೋಡಿಕೊಳ್ಳಿ.

(ಒಂದು ತಿಂಗಳ ಮೇಲೆ)

ಸೋದರಮಾವ_ಚನ್ನಗಿರಿ
ಮತ್ತೆ ಬಂದೆ. ಕೆಮಿಸ್ಟ್ರಿ ಪರೀಕ್ಷೆ-2ರಲ್ಲಿ 97! ಮೇಷ್ಟ್ರ ಬಾಯಿಗೆ ಸಕ್ಕರೆ ಹಾಕಬೇಕು. ಅರ್ಜಿಯೂ ಸರಿ ಆಯಿತು. ಹೆಡ್ ಮೇಷ್ಟ್ರು ಮಗಳ ಬಾಣಂತನಕ್ಕೆ ಶಿಕಾರಿಪುರದಲ್ಲಿದ್ದರು, ಅಲ್ಲಿಗೇ ಬೈಕ್ ಓಡಿಸಿಕೊಂಡು ಹೋಗಿ ಸಹಿ ಹಾಕಿಸಿದೆ. ರ‍್ಯಾಂಕ್ 8,700ರ ಹತ್ತಿರ ಬಂದಿದೆ. ಆ ಮೂರೂ ಕ್ಯಾಲ್ಕ್ಯುಲೇಟರ್ ಸುಳ್ಳು.

ಈಗ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚ್ ಪಟ್ಟಿ ಹಾಕುವುದು. ನಮ್ಮ ಊರಿನವರೊಬ್ಬರು ಹೇಳಿದರು: ಸಿಗುವಂಥ ಕಾಲೇಜನ್ನೇ ಮೊದಲು ಹಾಕಿ, ಸಿಗದೇ ಇರುವುದನ್ನು ಮೇಲೆ ಹಾಕಿದರೆ ಎಲ್ಲವೂ ಕೈ ತಪ್ಪುತ್ತದೆ ಎಂದು. ಹೌದಾ?

ಅಂಕಗಣಿತ
ಅಲ್ಲವೇ ಅಲ್ಲ! ಪ್ರತಿ ವರ್ಷ ಈ ಮಾತಿನಿಂದ ಎಷ್ಟು ಮಕ್ಕಳು ಹಾಳಾಗುತ್ತಾರೋ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದು ನಿಮ್ಮ ರ‍್ಯಾಂಕಿಗೆ ಇಲ್ಲವೇ, ಎರಡನೆಯದು. ಅದೂ ಇಲ್ಲವೇ, ಮೂರು. ಸಿಗದ್ದನ್ನು ಮೇಲೆ ಹಾಕಿದ್ದಕ್ಕೆ ದಂಡ ಇಲ್ಲ. ಸಿಗುವುದನ್ನು ಮೇಲೆ ಹಾಕಿದರೆ ಅಲ್ಲೇ ನಿಂತುಬಿಡುತ್ತದೆ, ಕೆಳಗೆ ಇರುವ ಒಳ್ಳೆಯದನ್ನು ತಿರುಗಿಯೂ ನೋಡುವುದಿಲ್ಲ. ಆಸೆ ಇರುವ ಕ್ರಮದಲ್ಲೇ ಹಾಕಿ. ಜನರಲ್ ಮೆರಿಟ್, 2ಎಜಿ, 2ಎಕೆ ಯಾವುದರಲ್ಲಿ ಬರುತ್ತದೆ ಎಂದು ಅದೇ ನೋಡಿಕೊಳ್ಳುತ್ತದೆ.

ರಿಪೀಟರ್22
ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಮೊದಲ ಸುತ್ತಲ್ಲಿ ಸೀಟು ಬಂದ ಮೇಲೆ ಚಾಯ್ಸ್ ಕೇಳುತ್ತಾರೆ. ಇದೇ ಸಾಕು ಎಂದರೆ 1. ಇದು ಕೈಯಲ್ಲಿರಲಿ, ಮೇಲಿನದ್ದು ಸಿಕ್ಕರೆ ಕೊಡಿ ಎಂದರೆ 2. ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ ಎಂದರೆ 3. ನನ್ನ ರೂಮ್‌ಮೇಟ್ 2 ಒತ್ತುವ ಬದಲು 3 ಒತ್ತಿ ಕೈಯಲ್ಲಿದ್ದ ಸೀಟು ಬಿಟ್ಟ. ಇನ್ನು 2 ಒತ್ತಿ ಮೇಲಿನದ್ದು ಸಿಕ್ಕರೆ ಹಳೇದು ತಾನಾಗಿಯೇ ಹೋಗುತ್ತದೆ. ಅದಕ್ಕೇ ನಿಜವಾಗಿ ಬೇಡದ್ದನ್ನು ಮೇಲೆ ಇಟ್ಟಿರಬೇಡಿ.

ಬಸವನಗುಡಿ_ಹಳಬ
ಕೊನೇ ಸುತ್ತಿನಲ್ಲಿ ಒಂದಿಷ್ಟು ಸೀಟು ದಿಢೀರನೆ ಬಿಡುಗಡೆ ಆಗುತ್ತವೆ, ತಾಳ್ಮೆ ಇರಲಿ. ಬೇಕಂತಲೇ ಸೀಟು ಹಿಡಿದಿಟ್ಟು ಸೇರದೆ ಇರುವವರೂ ಇದ್ದಾರೆ. 2024ರಲ್ಲಿ ಈ ಸೀಟ್ ಬ್ಲಾಕಿಂಗ್ ಪೊಲೀಸ್ ಠಾಣೆವರೆಗೂ ಹೋಗಿತ್ತು.

(ಅಣಕು ಸೀಟು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್, ಬಂದ ದಿನ)

ಸೋದರಮಾವ_ಚನ್ನಗಿರಿ
ಯುವಿಸಿಇ! ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, 2ಎಕೆ!!

ಕೆಆರ್‌ಸರ್ಕಲ್_ಕಲ್ಲುಕಟ್ಟಡ
ಸ್ವಾಗತ ಮಗಳೇ!

ಮಲ್ಲೇಶ್ವರಂ_ಅಮ್ಮ
ಅಭಿನಂದನೆ. ಆದರೆ ಇದು ಅಣಕು ಅಷ್ಟೇ, ಪಟಾಕಿ ಈಗಲೇ ಹೊಡೆಯಬೇಡಿ. ಈಗ ಎಲ್ಲರೂ ಪಟ್ಟಿ ಬದಲಿಸುತ್ತಾರೆ, ಮೊದಲ ಸುತ್ತಲ್ಲಿ ಮೇಲೆ ಕೆಳಗೆ ಆಗಬಹುದು.

ಹುಬ್ಬಳ್ಳಿ_ಮಂದಿ
ಬೇರೆ ಊರಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಿತ್ತಲ್ಲ, ಅದನ್ನು ಮೇಲೆ ತನ್ನಿರಿ. ಬ್ರಾಂಚ್ ಮುಖ್ಯ.

ಬಸವನಗುಡಿ_ಹಳಬ
ಕಾಲೇಜು ಮುಖ್ಯ.

ಹುಬ್ಬಳ್ಳಿ_ಮಂದಿ
ಬ್ರಾಂಚ್.

ಸೋದರಮಾವ_ಚನ್ನಗಿರಿ
ನಮಸ್ಕಾರ, ಮಾವನ ಮೊಬೈಲಿನಿಂದ ನಾನೇ ಬರೆಯುತ್ತಿದ್ದೇನೆ. ಮೊದಲಿಗೆ ಒಂದು ತಿದ್ದುಪಡಿ, ಫಿಸಿಕ್ಸ್ 33, ಗಣಿತ 37. ಮಾವ ಒಂದನ್ನು ಆಚೆ ಈಚೆ ಮಾಡಿದ್ದಾರೆ, ಒಟ್ಟು ಸರಿ ಇದೆ. ಯುವಿಸಿಇ ಕಂಪ್ಯೂಟರ್ ಮೊದಲು, ಯುವಿಸಿಇ ಎಲೆಕ್ಟ್ರಾನಿಕ್ಸ್ ಎರಡನೆಯದು, ಆಮೇಲೆ ಯುಬಿಡಿಟಿ. ಹಾಗೇ ಇಡುತ್ತೇನೆ, ಯಾರೂ ಜಗಳ ಆಡಬೇಡಿ. ಟೀಚರಮ್ಮ, ನಿಮಗೆ ಬಹಳ ಥ್ಯಾಂಕ್ಸ್. ಮೇಷ್ಟ್ರೇ, ಸದಿಶ ಅದಿಶ ನಿಜ, ನಾನು ಕೊನೇ ಬೆಂಚಲ್ಲಿ ಅಲ್ಲ, ಅದರ ಹಿಂದಿನ ಗೋಡೆಗೆ ಒರಗಿ ಕೂತಿದ್ದೆ. ಕೆ.ಆರ್. ಸರ್ಕಲ್ ಹತ್ತಿರ ಹುಡುಗಿಯರಿಗೆ ಹಾಸ್ಟೆಲ್ ಹೇಗೆ ಸಿಗುತ್ತದೆ?

ಶಿರಸಿ_ಟೀಚರಮ್ಮ
ಅಡ್ಮಿಷನ್ ಆದ ತಕ್ಷಣ ಕಾಲೇಜು ಹಾಸ್ಟೆಲ್ ಕೇಳು. ಅದರ ಜೊತೆಗೇ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೂ ಅರ್ಜಿ ಹಾಕು. ಅಲ್ಲಿ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ-ವಸತಿಗೆ ಸರ್ಕಾರ ಕೊಡುವ ಸಹಾಯಧನ. ಅರ್ಜಿ ಮಾತ್ರ ನೀನೇ ತುಂಬು ಪುಟ್ಟಿ.

ಕಾಫಿಪುಡಿ
ಮತ್ತೆ ದೋಸೆಗೆ ಶುಕ್ರವಾರ ಹೋಗಬೇಡ.